ನಾಲ್ಕನೆಯ ಕುಣಿ

ದುಧನಿಯ ಎರೆ ಒಂದೇ ಮಾತಿಗೆ ನಿಲ್ಲುವ ಮಣ್ಣಲ್ಲ.
ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ.
ಹೋದ ಚೈತ್ರದಲ್ಲಿ ಅಂಗಳದ ಬಿರುಕೊಂದು
ನನ್ನ ಕಾರಿನ ಕೀಲಿಯನ್ನು ನುಂಗಿ
ಏನೂ ಆಗದಂತೆ ಬಾಯಿ ತೆರೆದೇ ಇತ್ತು.

ಅದಕ್ಕೇ ಗೌಂಡಿ ಗೈಬೀಸಾಬ ಮೊದಲ ದಿನವೇ ಹೇಳಿದ:
'ಇಲ್ಲಿ ಕಂಬ ಹುಗಿಯೂದಲ್ಲರಿ ಬಾಯಾರ.
ಗರಸು ಸಿಗೂತನಾ ಅಗಿಯೂದು.
ಅಲ್ಲಿಂದ ಕಾಂಕ್ರೀಟಿನ ಕಾಲು ಏಳಬೇಕು,
ನೆಲದ ಮ್ಯಾಲೂ ಒಂದು ಗೇಣು.
ಕಬ್ಬಿಣ ಎರಿ ಮುಟ್ಟಬಾರದು.
ಮುಟ್ಟಿತೋ, ಮೂರು ಮಳಿಗಾಲ ಅಷ್ಟ.'

ಸೊಲ್ಲಾಪುರದ ಹೋಮಿಯೋಪತಿ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಕಾರು,
ನನ್ನ ಭಿಶಿಯ ದುಡ್ಡು.
ಸೀಟಿನಲ್ಲಿ ಇನ್ನೂ ಸಕ್ಕರೆ ಗುಳಿಗೆಯ ವಾಸನೆ.
ಬೇವಿನ ಕೆಳಗೆ ನಿಂತು ನಿಂತು ಅದರ ಬಿಳಿ
ಹಕ್ಕಿಗಳ ಬಿಳಿಯೊಳಗೆ ಕಳೆದುಹೋಗಿತ್ತು.
'ಎಮ್ಮಿ ಬಿಸಿಲಾಗ, ಕಾರು ನೆರಳಾಗ.
ಹಾಲು ಯಾವುದು ಕೊಡತೈತಿ?'
ಅತ್ತೆ ಕಸ್ತೂರವ್ವ ಕೇಳಿದ್ದು ನನ್ನನ್ನಲ್ಲ, ಎಮ್ಮೆಯನ್ನು.

ಹತ್ತಡಿ ಅಗಲ, ಹದಿನಾರು ಉದ್ದ.
ಮೂಲೆಯಿಂದ ಮೂಲೆಗೆ ಹಸಿರು ನೂಲು ಬಿಗಿದು
ಎರಡು ಸಲ ಅಳೆದ ಗೈಬೀಸಾಬ:
ಹದಿನೆಂಟಡಿ ಹತ್ತೂವರೆ ಇಂಚು. ಅತ್ತಲೂ ಅಷ್ಟೇ, ಇತ್ತಲೂ ಅಷ್ಟೇ.
ಏಳನೇ ಇಯತ್ತೆಯ ಹಲಗೆಯ ಮೇಲೆ
ನಾನು ವರ್ಷಾ ಎಳೆಯುವ ಕರ್ಣ
ಅಂದು ಮೊದಲ ಸಲ ಗಾಳಿಗೆ ಮಿಡಿಯಿತು.

ಮೊದಲ ಕುಣಿಗೆ ನಾಲ್ಕಡಿಗೆ ಗರಸು,
ಎರಡನೆಯದಕ್ಕೆ ಮೂರೂವರೆ,
ಮೂರನೆಯದರಲ್ಲಿ ಹಾಸುಗಲ್ಲೇ ಸಿಕ್ಕಿತು.
ನಾಲ್ಕನೆಯದರಲ್ಲಿ ಹಾರೆ ಎತ್ತಿ ಹಾಕಿದವನು
ಬರಿಗೈಯಲ್ಲಿ ನಿಂತ.
ಹಾರೆ ಇಲ್ಲ. ಸದ್ದೂ ಇಲ್ಲ.
ಆಮೇಲೆ, ಬಹಳ ಕೆಳಗಿಂದ,
ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.

ರೊಟ್ಟಿ ತಟ್ಟುವ ಕೈಯಲ್ಲೇ ಓಡಿ ಬಂದಳು ಅತ್ತೆ.
'ಯಾರೂ ಇಳೀಬ್ಯಾಡ್ರಿ. ಮೊದಲ ದೀಪ ಬಿಡ್ರಿ.'
ಹಗ್ಗಕ್ಕೆ ಕಟ್ಟಿದ ಕಂದೀಲು
ಎರಡು ಮೊಳ ಇಳಿದು ಆರಿತು.
ರಾತ್ರಿಯಿಡೀ ಬಾಯಿ ತೆರೆದಿಟ್ಟೆವು.
ಬೆಳಗಿನ ದೀಪ ತಳ ಮುಟ್ಟಿಯೂ ಉರಿಯಿತು:
ಗಡಿಗೆಯ ಹೊಟ್ಟೆಯಂಥ ಗೋಡೆ,
ಅಂಟಿಕೊಂಡ ಕರಿ ಹುಲ್ಲು,
ಎದ್ದು ಬಂದ ಹಳೆ ಜೋಳದ ಹುಳಿ ವಾಸನೆ.

'ನಮ್ಮ ಹಗೇವು,' ಅಂದಳು.
'ನನ್ನ ಸೊಂಟಕ್ಕ ಹಗ್ಗ ಕಟ್ಟಿ ಇಳಸತಿದ್ರು.
ಮನ್ಯಾಗ ಸಣ್ಣ ಮೈ ಅಂದ್ರ ನಂದ ಇತ್ತು.'
ಹತ್ತೊಂಬತ್ತು ವರ್ಷ ಈ ಅಂಗಳಕ್ಕೆ
ನೀರು ಚಿಮುಕಿಸಿ ರಂಗೋಲಿ ಹಾಕಿದವಳು ನಾನು.
ಕಾಲ ಕೆಳಗೆ ಇಷ್ಟು ದೊಡ್ಡ ಖಾಲಿ ಇತ್ತು,
ಅದರೊಳಗೆ ಒಬ್ಬ ಹುಡುಗಿ ಮೇಲೆ ನೋಡುತ್ತ ನಿಂತಿದ್ದಳು,
ಯಾರೂ ಹೇಳಿರಲಿಲ್ಲ.

ಮುಚ್ಚಲು ನಾಲ್ಕು ಟ್ರ್ಯಾಲಿ ಕಲ್ಲು ಬೇಕು.
ಲೆಕ್ಕ ಹಾಕಿದ ಗೈಬೀಸಾಬ, ನಾನೂ ಹಾಕಿದೆ.
ಅತ್ತೆ ಲೆಕ್ಕ ಹಾಕಲಿಲ್ಲ. ಬಾಯಿಯ ಸುತ್ತ ಸಗಣಿ ಸಾರಿಸಿ
ಹಾಸುಗಲ್ಲು ತರಿಸಿ ಮುಚ್ಚಿಸಿದಳು.
ನಾಲ್ಕನೆಯ ಕಾಲು ಮೂರಡಿ ಒಳಗೆ ಸರಿಯಿತು.

ಸಿಮೆಂಟು ಒಂದು ಪುಟ್ಟಿ, ಉಸುಕು ಎರಡು, ಖಡಿ ನಾಲ್ಕು.
ಕೊಕ್ಕೆ ಬೋಲ್ಟು ನಾಲ್ಕೂ ಮೇಲೆ ಮುಖ ಮಾಡಿ ನಿಂತವು.
ಏಳು ದಿನ ಗೋಣಿತಟ್ಟು ಸುತ್ತಿ ನೀರುಣಿಸಿದವಳು ಅವಳೇ,
ನಾಲ್ಕನೆಯದಕ್ಕೆ ಒಂದು ತಂಬಿಗೆ ಹೆಚ್ಚು.
ಪೈಪು ನಿಂತಿತು, ತಗಡು ಏರಿತು,
ಒಂದು ಮೂಲೆ ಕತ್ತರಿಸಿದ ತಗಡು.
ಕರ್ಣಗಳು ಈಗ ಒಂದಕ್ಕೊಂದು ಸಮವಿಲ್ಲ.
'ಯಾರ ಕೆಲಸ ಅಂತ ಹೇಳಬ್ಯಾಡ್ರಿ ಬಾಯಾರ,'
ಕೂಲಿ ಎಣಿಸಿಕೊಳ್ಳುತ್ತ ಗೈಬೀಸಾಬ ತಲೆ ತಗ್ಗಿಸಿದ.
ಹಾರೆ ಬೇಡಿಕೊಳ್ಳಲಿಲ್ಲ. ಅದು ಕೆಳಗೇ ಇದೆ.

ಮೃಗಶಿರದ ಮೊದಲ ಮಳೆ
ತಗಡಿನ ಮೇಲೆ ಒಮ್ಮೆ ಬಿತ್ತು,
ಹಾಸುಗಲ್ಲಿನ ಕೆಳಗೆ, ತುಸು ತಡವಾಗಿ, ಇನ್ನೊಮ್ಮೆ.

ಈಗ ಎಮ್ಮೆಯ ಹಗ್ಗ ಎರಡನೆಯ ಕಂಬಕ್ಕೆ.
ಸಾಲೆ ಬಿಟ್ಟು ನಾನು ಬರುವ ಹೊತ್ತಿಗೆ
ಅತ್ತೆ ಹಾಸುಗಲ್ಲಿನ ಮೇಲೆ ಕೂತು ಜೋಳ ಹಸನು ಮಾಡುತ್ತಿರುತ್ತಾಳೆ.
ಹಾರ್ನ್ ಹೊಡೆದರೆ ಮೊರ ಒಂದು ಗೇಣು ಸರಿಯುತ್ತದೆ,
ಅವಳಲ್ಲ.
ಕಾರನ್ನು ಓರೆಯಾಗಿ ನಿಲ್ಲಿಸುವುದು ಕಲಿತಿದ್ದೇನೆ.