ಚಪ್ಪಲಿ ಕಾಯುವವನು ಕಂಡದ್ದು

ಸೆತೂಬಲ್ ಬಂದರಿನ ಹಿಂದೆ, ಮುಚ್ಚಿಹೋದ
ಬೂತಾಯಿ ಡಬ್ಬಿಯ ಕಾರ್ಖಾನೆಯಲ್ಲಿ
ನನಗೀಗ ಚಪ್ಪಲಿ ಕಾಯುವ ಕೆಲಸ.
ಬಂದವರು ಬರಿಗಾಲಲ್ಲೇ ಒಳಗೆ ಹೋಗಬೇಕು,
ಗ್ರಾಸಿಯೆತೆಯ ಕಟ್ಟಪ್ಪಣೆ.
ಅವಳು ಕಲಾವಿದೆ. ಮೂರು ತಿಂಗಳು ಈ ಶೆಡ್ಡಿನಲ್ಲೇ ಮಲಗಿ
ಕತ್ತಲೆಯನ್ನು ಹದಮಾಡಿದವಳು.

ಒಳಗೇನಿದೆ ಎಂದು ಕೇಳುತ್ತಾರೆ.
ಏನಿಲ್ಲ, ಎನ್ನುತ್ತೇನೆ. ಒದ್ದೆ ಸಿಮೆಂಟು,
ಗೋಡೆಯಲ್ಲಿ ಹುದುಗಿಸಿದ ಹನ್ನೊಂದು ಸ್ಪೀಕರು,
ಉಪ್ಪು, ಎಣ್ಣೆ, ಸುಟ್ಟ ತವರದ ವಾಸನೆ,
ಉದ್ದಕ್ಕೂ ಒಂದು ಕಲ್ಲಿನ ಮೇಜು.
ಆಮೇಲೆ ಸೈರನ್ನು.
ದೋಣಿ ಬಂದಾಗ, ರಾತ್ರಿ ಎರಡಾಗಲಿ ಮೂರಾಗಲಿ,
ಹೆಂಗಸರನ್ನು ಹಾಸಿಗೆಯಿಂದ ಎಳೆದು ತರುತ್ತಿತ್ತಲ್ಲ, ಅದೇ.

ಹೊರಬಂದವರ ಮುಂದೆ ಒಂದು ಪುಸ್ತಕ ಇಟ್ಟಿದ್ದಾರೆ.
ಅದ್ಭುತ, ಎಂದು ಬರೆಯುತ್ತಾರೆ. ಮನ ಕಲಕಿತು.
ಒಬ್ಬ ಬರೀ ತನ್ನ ಊರಿನ ಹೆಸರು ಬರೆದು ಹೋದ.
ಈ ದೇಶಕ್ಕೊಂದು ಪದವಿದೆ, ಯಾವ ಭಾಷೆಗೂ ಬಗ್ಗದಂತೆ ಅದು,
ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಮೇಲೆ
ಎರಡು ಯೂರೋಗೆ ಸಿಗುತ್ತದೆ.
ಅದನ್ನು ಪುಟಕ್ಕೆ ನಾಲ್ಕು ಸಲ ಬರೆಯುತ್ತಾರೆ.
ನನ್ನಮ್ಮನ ಕ್ರಿಯೋಲಿನಲ್ಲೂ ಅದಕ್ಕೊಬ್ಬ ತಂಗಿಯಿದ್ದಾಳೆ.
ಅಮ್ಮ ಬಾಯಿಬಿಟ್ಟು ಅದನ್ನು ಕರೆದದ್ದು ನಾನು ಕೇಳಿಲ್ಲ.
ದ್ವೀಪದ ನೆನಪಾದಾಗ ಅವಳು ಒಲೆ ತಿಕ್ಕುತ್ತಾಳೆ.

ಫೆಲಿಸ್ಬೆಲಾ ಬಂದದ್ದು ಗುರುವಾರ, ಮೊಮ್ಮಗಳ ಜೊತೆ.
ಎಂಬತ್ತಾರೋ ಎಂಬತ್ತೇಳೋ.
ಅವಳ ಕಪ್ಪು ಕಾಲುಚೀಲ ಕಳಚಲು ನಾನೇ ಕುಕ್ಕರಿಸಿದೆ.
ಹಿಮ್ಮಡಿಯ ತೊಗಲು ಹಳೇ ದೋಣಿಯ ಬಣ್ಣದಂತೆ ಎದ್ದಿತ್ತು.
ಇಪ್ಪತ್ತೇಳನೆಯ ಬಿಲ್ಲೆ ಕೊಟ್ಟೆ.
ಇಲ್ಲೇ ಮೂವತ್ತೊಂದು ವರ್ಷ ದುಡಿದವಳಂತೆ,
ಮೊಮ್ಮಗಳು ಹೇಳಿದಳು. ಅವಳೇನೂ ಹೇಳಲಿಲ್ಲ.
ಬಿಲ್ಲೆಯನ್ನು ಹಲ್ಲಲ್ಲಿ ಕಚ್ಚಿಕೊಂಡಳು
ಎರಡು ಕೈಯೂ ಖಾಲಿ ಇರಬೇಕೆನ್ನುವ ಹಾಗೆ.

ನಾನು ಒಳಗೆ ಹೋಗುವಂತಿಲ್ಲ. ಪರದೆ ಸರಿಸಿ ನೋಡಿದೆ.
ಸೈರನ್ನು ಕೂಗಿತು.
ಅವಳ ಬೆನ್ನು ಬಾಗಿತು, ಮೇಜಿನ ಎತ್ತರಕ್ಕೆ, ಅಳತೆ ತಪ್ಪದೆ.
ಕೈ ಶುರುವಾಯಿತು.
ಎಡಗೈ ಹಿಡಿಯುತ್ತದೆ, ಬಲಗೈ ತಲೆ ಮುರಿಯುತ್ತದೆ,
ಹೆಬ್ಬೆರಳು ಕರುಳು ಸೆಳೆದು ಅತ್ತ ಎಸೆಯುತ್ತದೆ,
ಇಲ್ಲದ ಮೀನು, ಒಂದರ ಹಿಂದೊಂದು,
ನನ್ನ ಕಣ್ಣಿಗೆ ಎಣಿಸಲಾಗದಷ್ಟು ಬೇಗ.
ಮೊಮ್ಮಗಳು ನಕ್ಕಳು. ಆಮೇಲೆ ನಗಲಿಲ್ಲ.
ಮೇಜಿನ ಕೆಳಗೆ
ಅಜ್ಜಿಯ ಎಡಗಾಲು ಬೇರೆಯೇ ಕೆಲಸದಲ್ಲಿತ್ತು.
ಬೆರಳು ಏನನ್ನೋ ಮೀಟಿ, ತೂಗಿ, ಬಿಟ್ಟು,
ಮತ್ತೆ ಮೀಟಿ,
ಮೀನಿನ ಪೆಟ್ಟಿಗೆಯೊಂದರ ಅಂಚಿಗೆ ಕಾಲು ಕೊಟ್ಟು
ಒಳಗಿನದು ಎಚ್ಚರಾಗದ ಹಾಗೆ.

ಗ್ರಾಸಿಯೆತೆ ಆಮೇಲೆ ಹನ್ನೊಂದಕ್ಕೂ ಕಿವಿಯಿಟ್ಟು ಪರೀಕ್ಷಿಸಿದಳು.
ಕೂಸಿನ ದನಿ ನಾನು ಹಾಕಿಯೇ ಇಲ್ಲ, ಎಂದಳು ನನಗೆ,
ನಾನೇನೋ ದೂರು ಹೇಳಿದ ಹಾಗೆ.

ಹೊರಗೆ ರೇಡಿಯೋದ ಹುಡುಗ ಮೈಕು ಚಾಚಿದ:
ಅಜ್ಜಿ, ಏನನ್ನಿಸಿತು?
ಬಾಯಿ ತೆರೆಯಿತು. ಬಿಲ್ಲೆ ಬಿತ್ತು.
ತಣ್ಣಗಿತ್ತು, ಎಂದಳು.
ಅವನು ಇನ್ನೂ ಕಾದ.
ನೆಲ ತಣ್ಣಗಿತ್ತು, ಎಂದು ಒಂದು ಪದ ಸೇರಿಸಿದಳು,
ಪಾಪ, ಅವನಿಗಾಗಿ.

ಆ ಪೆಟ್ಟಿಗೆಯ ಕೂಸು ಏನಾಯಿತು?
ಮೊಮ್ಮಗಳು ಕೇಳಲಿಲ್ಲ, ನಾನೂ ಕೇಳಲಿಲ್ಲ.
ಕಾಲುಚೀಲ ತೊಡಿಸುವಾಗ ಆ ಬೆರಳು
ನನ್ನ ಅಂಗೈಯನ್ನು ಎರಡು ಸಲ ಮೀಟಿತು.
ನಾನು ತಲೆ ಎತ್ತಲಿಲ್ಲ.

ಈಗ ಗುರುವಾರ ಗುರುವಾರ ಬರುತ್ತಾಳೆ. ಟಿಕೆಟ್ಟು ಕೇಳುವುದಿಲ್ಲ.
ಮೊನ್ನೆ ಇನ್ನಿಬ್ಬರನ್ನು ಕರೆತಂದಳು,
ನನ್ನ ಗೂಡಿನಲ್ಲಿ ಮೂರು ಜೊತೆ ಕಪ್ಪು ಕಾಲುಚೀಲ.
ಮೇಜಿನಲ್ಲಿ ತಂತಮ್ಮ ಜಾಗ ಅವರಿಗೆ ಗೊತ್ತು.
ನಡುವೆ ಒಬ್ಬಳು ಹಿಡಿಸುವಷ್ಟು ಬಿಟ್ಟು ನಿಂತರು.
ಆ ಪುಸ್ತಕದ ಕಡೆ ಯಾರೂ ನೋಡಲಿಲ್ಲ.

ರಾತ್ರಿ ಮನೆಗೆ ಬಂದರೆ ಅಮ್ಮ ಒಲೆ ತಿಕ್ಕುತ್ತಿದ್ದಳು.
ಹೊಳೆಯುತ್ತಿದ್ದ ಒಲೆ.
ಏನಾಯಿತಮ್ಮಾ ಎನ್ನಲು ಬಾಯಿ ತೆರೆದವನು
ಶೂ ಕಳಚಿ ಬದಿಗಿಟ್ಟು
ಇನ್ನೊಂದು ಬಟ್ಟೆ ಒದ್ದೆ ಮಾಡಿಕೊಂಡೆ.