ಹನ್ನೆರಡು ಹನಿ

ಡಿಕಾಕ್ಷನ್ನಿನಷ್ಟು ಕಪ್ಪು ಈ ರಿಯೊ ನೆಗ್ರೊ.
ಬೊಗಸೆಯಲ್ಲಿ ಎತ್ತಿದರೆ ಮಾತ್ರ ಜೇನುಬಣ್ಣ.
ಅದರೊಳಗಿಂದ ನಾವು ಹಿಡಿಯುವುದು
ಕಿರುಬೆರಳಿನ ಅರ್ಧದಷ್ಟು ಮೀನು,
ಮೇಲೊಂದು ನೀಲಿ ಗೀರು, ಕೆಳಗೊಂದು ಕೆಂಪು.
ಯಾರೂ ತಿನ್ನುವುದಿಲ್ಲ ಇದನ್ನು. ನೋಡುತ್ತಾರಂತೆ.
ಬರೀ ನೋಡುವುದಕ್ಕೆ ದುಡ್ಡು ಕೊಡುವವರ ಊರು
ಎಲ್ಲಿದೆಯೋ, ಜುರಾಂದಿರ್ ಮಾವನಿಗೂ ಗೊತ್ತಿಲ್ಲ.
ಅವನಿಗೆ ಗೊತ್ತಿರುವುದು ಎಣಿಕೆ:
ಸಾವಿರಕ್ಕೆ ಇಷ್ಟು, ಸತ್ತವಕ್ಕೆ ಸೊನ್ನೆ.

ಬಾರ್ಸೆಲುಸ್ ಬಿಟ್ಟು ಮನಾವುಸ್ ಮುಟ್ಟಲು ಒಂದೂವರೆ ದಿನ.
ಎಂಜಿನ್ನಿನ ಗುಡುಗುಡು, ತಗಡಿನ ಕಾವು,
ತೊಟ್ಟಿಯ ಗೋಡೆಗೆ ಹಾಯುತ್ತ ಹಾಯುತ್ತ
ಹೆದರಿಕೆಯಲ್ಲೇ ಉಸಿರು ಮುಗಿಸಿಕೊಳ್ಳುತ್ತವೆ.
ಬೆಳಿಗ್ಗೆ ಸೋಸುಬಟ್ಟೆಯಲ್ಲಿ ಎತ್ತಿ ಎತ್ತಿ ಎಸೆಯುವುದು
ನನ್ನ ಪಾಲಿನ ಕೆಲಸ,
ಒಂಬತ್ತು ತುಂಬಿದಾಗಿನಿಂದ.

ಅಕ್ಟೋಬರಿನಲ್ಲಿ ವಲ್ದಿರೇನೆ ಬಂದಳು, ಪ್ರಯೋಗಶಾಲೆಯವಳು,
ಉಗುರ ತುಂಬ ಕೆಸರು, ಕೈಯಲ್ಲೊಂದು ಕಂದು ಸೀಸೆ.
ಅಜ್ಜಿ ಒಸ್ಮರೀನಾ ಬಿರಡೆ ತೆಗೆದು ಮೂಸಿ
ಕಣ್ಣು ಕಿರಿದು ಮಾಡಿ ಕೇಳಿದಳು:
"ನನ್ನ ನಿದ್ದೆಯನ್ನು ಹೀಗೆ ಸೀಸೆಗೆ ಹಾಕಿದ್ದು ಯಾರು?"

ಮೆಟ್ಟಿಲ ಪಕ್ಕ, ತೂತುಬಿದ್ದ ಹಳೆ ದೋಣಿಯೊಳಗೆ
ಮಣ್ಣು ತುಂಬಿ ಅವಳೇ ನೆಟ್ಟ ಸಿದ್ರೇಯ್ರಾ ಗಿಡ.
ತಾತ ಹೊಳೆಯಿಂದ ಹಿಂತಿರುಗದ ಆ ವಾರ
ದಿನಕ್ಕೆ ಮೂರು ಲೋಟ ಕುದಿಸಿ ಕುಡಿದಳು.
ಆಮೇಲೆ ಅಭ್ಯಾಸವಾಯಿತು.
ನಮಗೆ ಹೊಟ್ಟೆನೋವಿಗೂ ಅದೇ, ಹಟಕ್ಕೂ ಅದೇ,
ಪರೀಕ್ಷೆಗೆ ಮುಂಚೆ ಕೈ ನಡುಗಿದರೂ ಅದೇ.

"ಮೀನಿಗೂ ಅದೇ," ಎಂದಳು ವಲ್ದಿರೇನೆ.
ಎಣ್ಣೆ ನೀರಿಗೆ ಸೇರದು, ಮೊದಲು ಸ್ಪಿರಿಟ್ಟಿಗೆ ಬೆರೆಸಬೇಕು.
ಕಬ್ಬಿನ ಸಾರಾಯಿ ಆದೀತೆ, ಮಾವ ಕೇಳಿದ.
ಮೀನಿಗೋ ನಿಮಗೋ, ಅವಳು ಕೇಳಿದಳು.
ತೊಟ್ಟಿಗೆ ಹನ್ನೆರಡು ಹನಿ: ಬರೀ ಜೋಂಪು.
ಅದರ ಹತ್ತರಷ್ಟಾದರೆ ಮಗ್ಗುಲಾಗುತ್ತವೆ, ಆಗ
ಸೂಜಿ ಚುಚ್ಚಿದರೂ ತಿಳಿಯದು.
ಅದಕ್ಕೂ ಮೇಲೆ ಹೋದರೆ...
ಅವಳು ಅಂಗೈ ಮಗುಚಿ ತೋರಿಸಿದಳು.

ನಾನೇ ಹಾಕಿದೆ. ಬಾಯಿಬಿಟ್ಟು ಎಣಿಸಿ ಹಾಕಿದೆ.
ಮೊದಲು ಚೆಲ್ಲಾಪಿಲ್ಲಿ. ಆಮೇಲೆ
ಕಿವಿರಿನ ಬಡಿತ ನಿಧಾನ, ಇನ್ನೂ ನಿಧಾನ,
ನೀಲಿ ಗೀರು ಮಾಸಿ ತೆಳು ನೇರಳೆ.
ಇರುಳಲ್ಲೂ ಹೀಗೇ ಬಣ್ಣ ತೆಗೆದಿಟ್ಟು ಮಲಗುತ್ತವೆ ಇವು,
ಓಲೆ ಬಿಚ್ಚಿಟ್ಟು ಒರಗುವ ಹೆಂಗಸಿನ ಹಾಗೆ.

ಒಂದು ತೊಟ್ಟಿಗೆ ಮಾತ್ರ, ಕತ್ತಲಲ್ಲಿ,
ಹನಿಯಲ್ಲ, ಸೀಸೆಯೇ ಜಾರಿತು.
ಒಂದೊಂದಾಗಿ ಮಗ್ಗುಲಾದವು.
ಹೊಳೆನೀರು ಮೊಗೆದು ಮೊಗೆದು ಸುರಿದೆ,
ಏಳಿ, ಏಳ್ರೋ, ಅಂತ. ಅಲ್ಲಿಯತನಕ
ಒಂದು ಮೀನನ್ನೂ ಮಾತಾಡಿಸಿದವಳಲ್ಲ ನಾನು.
ನಾಲ್ಕು ನಿಮಿಷಕ್ಕೆ ಒಂದು ಬಾಲ ಅಲುಗಿತು,
ಏಳಕ್ಕೆ ಅರ್ಧ ತೊಟ್ಟಿ ನೆಟ್ಟಗಾಯಿತು.
ಮಿಕ್ಕವನ್ನು ಸೋಸುಬಟ್ಟೆಗೆ ಹಾಕಲಿಲ್ಲ.
ಕೈಯಲ್ಲೇ ಎತ್ತಿ ಇಳಿಸಿದೆ.
ಹೆದರಿ ಸತ್ತ ಸಾವಿರಾರಕ್ಕೆ ತೊಳೆದುಕೊಂಡ ಕೈ
ಈ ಐವತ್ತಕ್ಕೆ ಯಾಕೆ ಹೀಗೆ ನಾರುತ್ತದೆ,
ಅದೂ ಇಷ್ಟು ಒಳ್ಳೆಯ ವಾಸನೆ?

ಮನೆಗೆ ಬಂದಾಗ ಅಜ್ಜಿ ಎಲೆ ಚಿವುಟುತ್ತಿದ್ದಳು.
"ಎಚ್ಚರಾದಾಗ ಗೊತ್ತಾಗುತ್ತದಾ ಅವಕ್ಕೆ,
ನೀರು ಬೇರೆ ಅಂತ?"
ಗೊತ್ತಿಲ್ಲಜ್ಜಿ.
ಎರಡು ಲೋಟಕ್ಕೆ ಬಗ್ಗಿಸಿದಳು. ಒಂದನ್ನು ಮುಗಿಸಿ
ತೂಗುಮಂಚಕ್ಕೆ ಹೋದಳು, ಗೊರಕೆ ಶುರುವಾಯಿತು.

ನನ್ನದು ಮೆಟ್ಟಿಲ ಮೇಲೆ ಆರುತ್ತ ಕೂತಿತು.
ನಾಳೆ ಮತ್ತೆ ಎಣಿಸಬೇಕು.