ಒಂಬತ್ತನೇ ಟೇಕು

ನೋಡುವುದೇ ನನ್ನ ಕಸುಬು. ಮೂವತ್ತೊಂದು ವರ್ಷವಾಯಿತು.
ಯಾರ ಕಾಲರು ಮಡಿಸಿತ್ತು, ಮೇಣದಬತ್ತಿ ಎಷ್ಟು ಉರಿದಿತ್ತು,
ಬಾಗಿಲು ತೆರೆದದ್ದು ಎಡಗೈಯೋ ಬಲಗೈಯೋ.
ಎಲ್ಲರೂ ಮುಖ ನೋಡುವಾಗ ನಾನು ಗುಂಡಿ ನೋಡುತ್ತೇನೆ.
ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡಬೇಕಲ್ಲ,
ಅದಕ್ಕೆ ಫೋಟೋ ಬೇರೆ.

ತಾಲಿನ್ನಿನ ಕೊಪ್ಲಿಯಲ್ಲಿ, ಹಳೆಯ ಹಡಗುಕಟ್ಟೆಯ ಶೆಡ್ಡಿನೊಳಗೆ
ಆ ಚಳಿಗಾಲ ಎರಡು ಲೋಕ ಕಟ್ಟಿದೆವು.
ಎರಡೂ ಒಂದೇ ಅಡುಗೆಮನೆ. ಪ್ಲೈವುಡ್ಡಿನ ಅದೇ ಗೋಡೆ, ಅದೇ ಕಿಟಕಿ,
ಆಚೆ ಬಣ್ಣ ಬಳಿದ ಅದೇ ಸಮುದ್ರ.
ಮೇಜಿನ ಮೇಲೆ ನೀಲಿ ಕಪ್ ಇದ್ದರೆ ಅವಳ ತಮ್ಮ ಬದುಕಿದ್ದಾನೆ,
ಬಿಳಿಯದಿದ್ದರೆ ಇಲ್ಲ.
ಎರಡನ್ನೂ ಮನೆಯಿಂದ ತಂದವಳು ನಾನೇ.
ಬಜೆಟ್ಟು ಅಷ್ಟೇ ಇತ್ತು.

ತಾರ್ತುವಿನಿಂದ ಸಲಹೆಗಾರ ಬಂದಿದ್ದ, ಆರ್ದೊ ಅಂತ ಹುಡುಗ, ನೆಗಡಿ ಬೇರೆ.
ಸೂಪು ಹೀರುತ್ತ ಹೇಳಿದ: ನೋಡುವುದಕ್ಕೆ ಕಣ್ಣೇ ಬೇಕಿಲ್ಲ ಮೇಡಂ,
ಬೆಳಕಿನ ಒಂದು ಕಣ ತಾಗಿ ಸುದ್ದಿ ಹೊತ್ತೊಯ್ದರೂ ಸಾಕು.
ಆಮೇಲೆ ಎರಡೂ ನಡೆಯುತ್ತವೆ, ಒಂದಕ್ಕೊಂದರ ಹಂಗಿಲ್ಲದೆ,
ಅನ್ನುವುದು ಒಂದು ಪಕ್ಷ. ನಾನು ಆ ಪಕ್ಷದವನಲ್ಲ,
ನಿಮ್ಮ ನಿರ್ದೇಶಕರು ಸಂಬಳ ಕೊಡುವುದು ಮಾತ್ರ ಅದಕ್ಕೇ.
ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ? ಎಂದೆ.
ಇಟ್ಟವನು ಇಬ್ಬರಾಗುತ್ತಾನೆ, ಎಂದ. ಉಪ್ಪು ಕೇಳಿದ.

ಬಿಳಿ ಕಪ್ಪಿನ ದೃಶ್ಯ. ತ್ರೀನು ಒಬ್ಬಳೇ ಕೂತು ಕುಡಿಯಬೇಕು.
ಎಂಟು ಸಲ ಬಲಗೈಯಲ್ಲಿ ಎತ್ತಿದಳು. ಎಂಟೂ ಬರೆದುಕೊಂಡೆ.
ಒಂಬತ್ತನೆಯದರಲ್ಲಿ ಕಪ್ಪಿನ ಕಿವಿ ಆಚೆ ತಿರುಗಿಸಿ
ಎಡಗೈಯಿಂದ, ಕಿರುಬೆರಳನ್ನು ತಳಕ್ಕೆ ಕೊಟ್ಟು...
ಹೈನೊ ಹಾಗೆ ಕುಡಿಯುತ್ತಿದ್ದ.
ನನ್ನ ಗಂಡ. ಆ ಕಪ್ ಅವನದು. ಅವಳಿಗದು ಗೊತ್ತಿಲ್ಲ,
ಯಾರಿಗೂ ನಾನು ಹೇಳಿರಲಿಲ್ಲ.
ಬಲಗೈ ಸೋತಿತ್ತೇನೋ. ಎಂಟು ಸಲ ಎಂದರೆ ಯಾರಿಗೂ ಸೋಲುತ್ತದೆ.

ಕಟ್. ವಿರ್ವೆ, ಎಲ್ಲ ಸರಿಯಾ?
ಪೆನ್ಸಿಲ್ಲು ಕಾಗದದಿಂದ ಕೂದಲೆಳೆಯಷ್ಟು ಮೇಲೆ ನಿಂತಿತ್ತು.
ಸರಿ ಇದೆ, ಎಂದೆ.

ಸಂಕಲನದವನು ಆರನೆಯದನ್ನು ಆರಿಸಿದ. ಚೆನ್ನಾಗಿಯೇ ಇದೆ;
ಏಪ್ರಿಲಿನಲ್ಲಿ ಊರೆಲ್ಲ ನೋಡಿತು, ನಾನೂ ನೋಡಿದೆ.
ಒಂಬತ್ತನೆಯದು ಎಲ್ಲೋ ಒಂದು ಬೂದು ಡಬ್ಬಿಯಲ್ಲಿದೆ,
ಮೇಲಿನ ಚೀಟಿಯಲ್ಲಿ ನನ್ನದೇ ಅಕ್ಷರ.
ಕೇಳಿದರೆ ಹಾಕಿ ತೋರಿಸುತ್ತಾರೆ. ಕೇಳಿಲ್ಲ.
ತೋರಿಸಿದಾಗ ಅದು ಬಲಗೈಯೇ ಆಗಿಬಿಟ್ಟರೆ?

ಚಿತ್ರೀಕರಣ ಮುಗಿದ ಸಂಜೆ ಕಪ್ಪುಗಳನ್ನು
ಸ್ಕಾರ್ಫಿನಲ್ಲಿ ಸುತ್ತಿಕೊಂಡು ಟ್ರಾಮು ಹತ್ತಿದೆ.
ಬಿಳಿಯದರ ಅಂಚಿಗೆ ತುಟಿಬಣ್ಣ ಉಳಿದಿರಬೇಕು,
ಕಿವಿಯ ಒಂದೇ ಬದಿಗೋ, ಎರಡು ಬದಿಗೋ.
ದೀಪ ಹಾಕಲಿಲ್ಲ.
ಕತ್ತಲಲ್ಲೇ ತೊಳೆದು ಬೋರಲು ಹಾಕಿದೆ.